ಮಾರ್ಜ್ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುವುದು ಏಕೆ?

ಸೂಪರ್ ಮಾರ್ಕೆಟ್ಟಿನ ಬಿಲ್ ಕೌಂಟರ್. ನೀಲಿ ಕೂದಲನ್ನು ಗೋಪುರದಂತೆ ಎತ್ತಿ ಕಟ್ಟಿದ ಹೆಂಗಸೊಬ್ಬಳು ತಾಯಂದಿರಿಗೆಂದೇ ಬರುವ ಪತ್ರಿಕೆಯೊಂದನ್ನು ತಿರುವುತ್ತಾ ನಿಂತಿದ್ದಾಳೆ. ಸಾಮಾನುಗಳ ನಡುವೆ ಅವಳ ಮಗುವೂ ಬೆಲ್ಟಿನ ಮೇಲೆ ಸರಿದು ಬರುತ್ತದೆ. ಕೌಂಟರಿನವನು ನೋಡದೆ ಅದನ್ನೂ ಸ್ಕ್ಯಾನ್ ಮಾಡುತ್ತಾನೆ, ಯಂತ್ರ 847.63 ಡಾಲರ್ ಎಂದು ತೋರಿಸುತ್ತದೆ, ಮಗು ಚೀಲದೊಳಗೆ ಸೇರುತ್ತದೆ. ತಲೆಯೆತ್ತಿದ ತಾಯಿ ಮಗು ಕಾಣದೆ ಗಾಬರಿಯಾಗುತ್ತಾಳೆ. ಚೀಲದಿಂದ ಪುಟ್ಟ ತಲೆ ಇಣುಕಿದಾಗ ಅವಳಿಗೆ ಹೋದ ಜೀವ ಬಂದಂತಾಗುತ್ತದೆ. ನಾಲ್ಕೈದು ಸೆಕೆಂಡಿನ ಈ ದೃಶ್ಯ ‘ದಿ ಸಿಂಪ್ಸನ್ಸ್’ ಎಂಬ ಅಮೆರಿಕದ ಅನಿಮೇಷನ್ ಹಾಸ್ಯ ಧಾರಾವಾಹಿಯ ಶೀರ್ಷಿಕೆಯ ಭಾಗವಾಗಿ ಸುಮಾರು ಇಪ್ಪತ್ತು ವರ್ಷ ಬಂತು. 847.63 ಡಾಲರ್ ಎಂದರೆ ಆಗ ಅಮೆರಿಕದಲ್ಲಿ ಒಂದು ಹಸುಗೂಸನ್ನು ತಿಂಗಳು ಪೂರ್ತಿ ಸಾಕಲು ತಗಲುತ್ತಿದ್ದ ಖರ್ಚಿನ ಅಂದಾಜು. ಮಗುವಿಗೆ ತಗಲುವ ಖರ್ಚನ್ನು ಹಾಗೆ ಲೆಕ್ಕ ಹಾಕಿದ್ದಾರೆ. ಸಾಕುವವಳ ದುಡಿಮೆಗೆ ಆ ಬಿಲ್ಲಿನಲ್ಲಿ ಸಾಲೇ ಇಲ್ಲ.

ಆ ಹೆಂಗಸು ಮಾರ್ಜ್ ಸಿಂಪ್ಸನ್. ಸ್ಪ್ರಿಂಗ್‌ಫೀಲ್ಡ್ ಎಂಬ ಕಲ್ಪಿತ ಊರಿನ ಗೃಹಿಣಿ. ಗಂಡ ಹೋಮರ್ ಅಣು ವಿದ್ಯುತ್ ಸ್ಥಾವರದಲ್ಲಿ ಸುರಕ್ಷತೆ ನೋಡಿಕೊಳ್ಳುವ ನೌಕರ. ಮಗ ಬಾರ್ಟ್‌ಗೆ ಹತ್ತು ವರ್ಷ, ಮಗಳು ಲೀಸಾಗೆ ಎಂಟು, ಮಾತು ಬಾರದ ಮ್ಯಾಗಿಗೆ ಒಂದು. ಹೋಮರ್ ದುಡ್ಡು ಕಳೆಯುತ್ತಾನೆ, ಕುಡಿಯುತ್ತಾನೆ, ಹುಟ್ಟುಹಬ್ಬ ಮರೆಯುತ್ತಾನೆ. ಬಾರ್ಟ್ ಶಾಲೆಯಿಂದ ದಿನಕ್ಕೊಂದು ದೂರು ತರುತ್ತಾನೆ. ಇವಳು ಗಂಟಲಿನಲ್ಲಿ ಒಮ್ಮೆ ಗೊರಗುಟ್ಟಿ ಮತ್ತೆ ಪಾತ್ರೆ ತೊಳೆಯಲು ತಿರುಗುತ್ತಾಳೆ. ಕೇಬಲ್ ಟಿ.ವಿ. ಬಂದ ಹೊಸದರಲ್ಲಿ ಈ ಧಾರಾವಾಹಿ ನೋಡಿದ ನನಗೆ ಅವಳು ಪಾಪದ ಹೆಂಗಸಾಗಿ ಕಂಡಿದ್ದಳು. ನಮ್ಮಲ್ಲಿ ಇಂಥವರಿಗೆ ಕೊಡಲು ಬಿರುದೂ ಸಿದ್ಧವಾಗಿದೆ: ಕ್ಷಮಯಾ ಧರಿತ್ರೀ. ಭೂಮಿಯಷ್ಟು ಸಹನೆ ಎಂದು ಹೊಗಳಿದ ಮೇಲೆ ಆ ಸಹನೆ ಎಲ್ಲಿಂದ ಬರುತ್ತದೆ, ಅದಕ್ಕೆ ಏನು ಖರ್ಚಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಮಾರ್ಜ್‌ಳ ವಿಷಯದಲ್ಲಿ ಈ ಪ್ರಶ್ನೆಯನ್ನು ಕೇಳಲೇಬೇಕು, ಏಕೆಂದರೆ ಅವಳನ್ನು ಬರೆದವರೇ ಮತ್ತೆ ಮತ್ತೆ ಅದನ್ನು ಕೇಳಿಕೊಂಡಿದ್ದಾರೆ.

ಮೊದಲು ಸಿಟ್‌ಕಾಮ್ ಎಂಬ ಸನ್ನಿವೇಶ ಹಾಸ್ಯದ ಟಿ.ವಿ. ಪ್ರಕಾರ ಹೇಗೆ ನಡೆಯುತ್ತದೆ ಎಂದು ತಿಳಿದುಕೊಳ್ಳಬೇಕು. ನಮ್ಮ ದೈನಿಕ ಧಾರಾವಾಹಿಯಲ್ಲಿ ಇಂದಿನ ಜಗಳ ನಾಳೆಗೆ ಬೆಳೆಯುತ್ತದೆ. ಸೋಮವಾರ ಸುರಿದ ಕಣ್ಣೀರು ಶುಕ್ರವಾರದ ತನಕ ಒಣಗುವುದಿಲ್ಲ. ಸಿಟ್‌ಕಾಮ್‌ನ ಹಾದಿ ಬೇರೆ. ವಾರಕ್ಕೊಂದು ಕಂತು, ಜಾಹೀರಾತು ಕಳೆದರೆ ಇಪ್ಪತ್ತೆರಡು ನಿಮಿಷದಷ್ಟು ಕತೆ. ಮನೆಯಲ್ಲಿ ಏನೋ ಎಡವಟ್ಟಾಗುತ್ತದೆ, ಅದು ಊರಿಗೆಲ್ಲ ಹಬ್ಬುತ್ತದೆ, ಕೊನೆಯ ಎರಡು ನಿಮಿಷದಲ್ಲಿ ಎಲ್ಲವೂ ಮೊದಲಿದ್ದ ಜಾಗಕ್ಕೆ ಮರಳುತ್ತದೆ. ಇದಕ್ಕೆ ವ್ಯಾಪಾರದ ಕಾರಣವೂ ಇತ್ತು. ಅಮೆರಿಕದಲ್ಲಿ ಹಳೆಯ ಕಂತುಗಳನ್ನು ಸ್ಥಳೀಯ ವಾಹಿನಿಗಳು ಕೊಂಡು ಮರುಪ್ರಸಾರ ಮಾಡುತ್ತಿದ್ದವು. ಯಾವ ಕಂತನ್ನು ಯಾವ ದಿನ ಹಾಕಿದರೂ ನೋಡುಗರಿಗೆ ತೊಡಕಾಗಬಾರದು. ಆದ್ದರಿಂದ ಪ್ರತಿ ಕಂತೂ ಒಂದೇ ಮನೆಯಿಂದ ಹೊರಟು ಅದೇ ಮನೆಗೆ ಬಂದು ಮುಟ್ಟಬೇಕು.

ಹಾಗಾದರೆ ಮನೆಯನ್ನು ಮೊದಲಿನಂತೆ ಮಾಡುವವರು ಯಾರು? ಹೋಮರ್ ಈ ವಾರ ಕೂಡಿಟ್ಟ ಹಣವನ್ನೆಲ್ಲ ಕಳೆದುಕೊಂಡಿದ್ದರೂ ಮುಂದಿನ ವಾರ ಅದೇ ಅಡುಗೆಮನೆಯಲ್ಲಿ, ಅದೇ ಮೇಜಿನ ಮುಂದೆ, ಅದೇ ಹೆಂಡತಿಯ ಕೈಯಡುಗೆ ಉಣ್ಣುತ್ತಾ ಕೂತಿರಬೇಕು. ಹಾಗಾಗಬೇಕಾದರೆ ನಡುವೆ ಯಾರೋ ಒಬ್ಬರು ಆ ತಪ್ಪನ್ನು ನುಂಗಿರಬೇಕು. ಕನ್ನಡದಲ್ಲಿ ಇದಕ್ಕೆ ಬಹಳ ನಿಖರವಾದ ಮಾತಿದೆ: ಹೊಟ್ಟೆಗೆ ಹಾಕಿಕೊಳ್ಳುವುದು. ಹಾಗೆ ಹಾಕಿಕೊಂಡ ತಪ್ಪು ಮಾಯವಾಗುವುದಿಲ್ಲ, ಮಾಡಿದವನಿಂದ ಕ್ಷಮಿಸಿದವಳ ಒಡಲಿಗೆ ಸರಿಯುತ್ತದೆ. ಕಂತು ಮುಗಿಯುವ ಹೊತ್ತಿಗೆ ಮಾರ್ಜ್ ಮಾಡುವುದು ಇದನ್ನೇ. ಸಿಟ್‌ಕಾಮ್‌ನ ಯಂತ್ರ ಹಿಂದಕ್ಕೆ ತಿರುಗುವುದು ಅವಳ ಕ್ಷಮೆಯ ಎಣ್ಣೆಯಿಂದ. ಅವಳ ತಾಳ್ಮೆ ಒಬ್ಬ ವ್ಯಕ್ತಿಯ ಗುಣವೂ ಹೌದು, ಇಡೀ ಧಾರಾವಾಹಿ ನಿಂತಿರುವ ಕಂಬವೂ ಹೌದು.

ಈ ಕಂಬವನ್ನು ಮೊದಲು ನೆಟ್ಟವರು ‘ದಿ ಸಿಂಪ್ಸನ್ಸ್’ನವರಲ್ಲ. 1954ರಲ್ಲಿ ಟಿ.ವಿ.ಗೆ ಬಂದ ‘ಫಾದರ್ ನೋಸ್ ಬೆಸ್ಟ್’ ಎಂಬ ಧಾರಾವಾಹಿ ಆದರ್ಶ ಅಮೆರಿಕನ್ ಕುಟುಂಬವನ್ನು ತೋರಿಸಿತು. ಅದರ ಊರಿನ ಹೆಸರೂ ಸ್ಪ್ರಿಂಗ್‌ಫೀಲ್ಡ್, ತಾಯಿಯ ಹೆಸರೂ ಮಾರ್ಗರೆಟ್. ಅಲ್ಲಿ ಅಪ್ಪ ತಿಳಿವಳಿಕಸ್ಥ, ಅಮ್ಮ ಹಸನ್ಮುಖಿ. ತಾಳ್ಮೆಗೆಡುವ ಸಂದರ್ಭವೇ ಆ ಮನೆಯಲ್ಲಿ ಅಪರೂಪ. 1960ರ ‘ಫ್ಲಿಂಟ್‌ಸ್ಟೋನ್ಸ್’ ಅನಿಮೇಷನ್ನಿನಲ್ಲಿ ಗುಡುಗುವ ಗಂಡನನ್ನು ಸಂಭಾಳಿಸುವ ವಿಲ್ಮಾ ಬಂದಳು. 1980ರ ದಶಕದ ಕೊನೆಗೆ ಗಾಳಿ ತಿರುಗಿತ್ತು. ‘ದಿ ಸಿಂಪ್ಸನ್ಸ್’ ಪ್ರಸಾರ ಮಾಡುವ ಫಾಕ್ಸ್ ವಾಹಿನಿಯದೇ ಇನ್ನೊಂದು ಧಾರಾವಾಹಿಯಲ್ಲಿ ಪೆಗ್ಗಿ ಎಂಬ ಗೃಹಿಣಿ ಅಡುಗೆ, ಕಸ ಮುಸುರೆ ಒಂದನ್ನೂ ಮುಟ್ಟದೆ ಸೋಫಾದ ಮೇಲೆ ಕೂತಿದ್ದಳು. 1988ರಲ್ಲಿ ಬಂದ ‘ರೋಸ್ಯಾನ್’ ಧಾರಾವಾಹಿಯ ನಾಯಕಿ ಕಾರ್ಖಾನೆಯಲ್ಲಿ ದುಡಿದು ಬಂದು ಮನೆಮಂದಿಯ ಮೇಲೆ ದನಿಯೆತ್ತಿ ಮಾತಾಡುತ್ತಿದ್ದಳು. ಅಷ್ಟರಲ್ಲಾಗಲೇ ಅಮೆರಿಕದ ಅರ್ಧಕ್ಕಿಂತ ಹೆಚ್ಚು ತಾಯಂದಿರು ಹೊರಗೆ ಉದ್ಯೋಗ ಮಾಡುತ್ತಿದ್ದರು. ಅಂಥ ಹೊತ್ತಿನಲ್ಲಿ ಮುತ್ತಿನ ಸರ ತೊಟ್ಟು, ಮೂರು ಹೊತ್ತೂ ಬೇಯಿಸಿ ಹಾಕುವ, ಗಂಡನ ಒಬ್ಬನ ಸಂಬಳದಲ್ಲಿ ಸಂಸಾರ ತೂಗಿಸುವ ಮಾರ್ಜ್ ಬಂದಳು. ಅಂದರೆ ಅವಳು ಹುಟ್ಟಿದ ದಿನವೇ ಹಳೆಯ ಕಾಲದವಳು. 1954ರ ತಾಯಿಯನ್ನು 1989ರ ಮನೆಯೊಳಗೆ ತಂದು, ಆ ನಗು ಇಲ್ಲಿ ಎಷ್ಟು ದಿನ ಬಾಳುತ್ತದೆ ಎಂದು ನೋಡಿದಂತಿತ್ತು.

ಅವಳನ್ನು ಸೃಷ್ಟಿಸಿದವರು ಮ್ಯಾಟ್ ಗ್ರೇನಿಂಗ್. ನಿರ್ಮಾಪಕ ಜೇಮ್ಸ್ ಎಲ್. ಬ್ರೂಕ್ಸ್ ಅವರನ್ನು ಕಾಣಲು ಹೋಗಿ ಕಚೇರಿಯ ಮೊಗಸಾಲೆಯಲ್ಲಿ ಕಾಯುತ್ತಿದ್ದಾಗ ಅವರಿಗೆ ಈ ಕುಟುಂಬ ಹೊಳೆಯಿತು. ಹೆಸರುಗಳನ್ನು ಸ್ವಂತ ಮನೆಯಿಂದಲೇ ತೆಗೆದುಕೊಂಡರು: ತಂದೆ ಹೋಮರ್, ತಾಯಿ ಮಾರ್ಗರೆಟ್, ತಂಗಿಯರು ಲೀಸಾ ಮತ್ತು ಮ್ಯಾಗಿ. ತಾಯಿಯ ತವರಿನ ಹೆಸರು ವಿಗಮ್. ಅದು ಧಾರಾವಾಹಿಯ ಪೊಲೀಸ್ ಮುಖ್ಯಸ್ಥನ ಪಾಲಿಗೆ ಹೋಯಿತು. ಕೂದಲ ಗೋಪುರಕ್ಕೆ ಎರಡು ಮೂಲಗಳಿವೆ. ಒಂದು, 1935ರ ಭಯಾನಕ ಚಿತ್ರ ‘ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್’ನ ವಧು. ಇನ್ನೊಂದು, 1960ರ ದಶಕದಲ್ಲಿ ಸ್ವತಃ ಅವರ ತಾಯಿ ಕಟ್ಟುತ್ತಿದ್ದ ತುರುಬು. ಆ ತಾಯಿ 2013ರಲ್ಲಿ ತೀರಿಕೊಂಡರು. ತನ್ನ ತುರುಬು ಲೋಕಕ್ಕೆಲ್ಲ ಗುರುತಾದದ್ದನ್ನು ಅವರು ಕಾಲು ಶತಮಾನ ಕಣ್ಣಾರೆ ಕಂಡರು.

ಮಾರ್ಜ್‌ಳ ಪ್ರಾಣ ಇರುವುದು ದನಿಯಲ್ಲಿ. ಆ ದನಿ ಜೂಲಿ ಕ್ಯಾವ್ನರ್ ಅವರದು. ‘ದಿ ಸಿಂಪ್ಸನ್ಸ್’ ಮೊದಲು ಕಾಣಿಸಿಕೊಂಡದ್ದು 1987ರ ಏಪ್ರಿಲ್ 19ರಂದು, ಟ್ರೇಸಿ ಉಲ್ಮನ್ ಅವರ ಹಾಸ್ಯ ಕಾರ್ಯಕ್ರಮದ ನಡುನಡುವೆ ಬರುವ ತುಣುಕುಗಳಾಗಿ. ಸ್ವತಂತ್ರ ಧಾರಾವಾಹಿಯಾದದ್ದು 1989ರಲ್ಲಿ. ಕ್ಯಾವ್ನರ್ ಆ ಕಾರ್ಯಕ್ರಮದಲ್ಲೇ ನಟಿಸುತ್ತಿದ್ದರು. ಹೋಮರ್ ಮತ್ತು ಮಾರ್ಜ್‌ಗೆ ಹೊರಗಿನವರನ್ನು ಕರೆಸುವ ಬದಲು ಇದ್ದವರಿಂದಲೇ ದನಿ ಕೊಡಿಸಿದರು. ಒರಟಾದ, ಸ್ವಲ್ಪ ಬಿರುಕು ಬಿಟ್ಟ, ಆದರೂ ಬೆಚ್ಚಗಿನ ಕಂಠ. ಬಹಳ ಹೊತ್ತು ಮಕ್ಕಳನ್ನು ಕೂಗಿ ಕೂಗಿ ದಣಿದ ಗಂಟಲು ಹಾಗಿರುತ್ತದೆ. ಅದರೊಳಗಿಂದ ಬರುವ ಗೊರಗುಟ್ಟುವಿಕೆಯನ್ನು ಕಿವಿಗೊಟ್ಟು ಕೇಳಬೇಕು. ಹೋಮರ್ ಹೊಸ ಮಂಗಾಟಕ್ಕೆ ಹೊರಟಾಗ ಬರುವುದು ಗಿಡ್ಡವಾಗಿ, ಎಚ್ಚರಿಕೆಯಂತೆ. ಬಾರ್ಟ್ ಸುಳ್ಳು ಹೇಳಿದಾಗ ಬರುವುದು ಕೆಳಸ್ವರದಲ್ಲಿ, ಉದ್ದವಾಗಿ. ತುಟಿ ಬಿಚ್ಚದೆ ಹೊರಡುವ ಆ ಒಂದು ಸದ್ದಿನಲ್ಲಿ ಅಸಮ್ಮತಿ, ಆತಂಕ, ಹೇಳಿಯೂ ಪ್ರಯೋಜನವಿಲ್ಲ ಎಂಬ ದಣಿವು ಎಲ್ಲವೂ ಇವೆ. ನನ್ನ ಮಟ್ಟಿಗೆ ತಾಳ್ಮೆಯ ಶಬ್ದರೂಪ ಎಂದರೆ ಅದೇ. ಈ ಪಾತ್ರಕ್ಕಾಗಿ ಕ್ಯಾವ್ನರ್ 1992ರಲ್ಲಿ ಅಮೆರಿಕದ ಟಿ.ವಿ. ಲೋಕದ ಎಮ್ಮಿ ಪ್ರಶಸ್ತಿ ಪಡೆದರು. ಮಕ್ಕಳ ಕಲ್ಪನೆ ಒಡೆಯಬಾರದೆಂದು ಅವರು ಸಾರ್ವಜನಿಕವಾಗಿ ಮಾರ್ಜ್‌ಳ ದನಿಯಲ್ಲಿ ಮಾತಾಡುವುದನ್ನು ತಪ್ಪಿಸುತ್ತಾ ಬಂದಿದ್ದಾರೆ. ಆ ನಿಷ್ಠೆ ನನಗೆ ಬಹಳ ಹಿಡಿಸುತ್ತದೆ.

ಇನ್ನು ಅವಳ ತಾಳ್ಮೆಯ ಮಿತಿಯ ಮಾತು. ಮೊದಲ ಸರಣಿಯಲ್ಲೇ, 1990ರ ಮಾರ್ಚ್‌ನಲ್ಲಿ ಬಂದ ಒಂದು ಕಂತಿನಲ್ಲಿ ಮಾರ್ಜ್‌ಗೆ 34 ತುಂಬುತ್ತದೆ. ಮರೆತುಬಿಟ್ಟಿದ್ದ ಹೋಮರ್ ಕೊನೆಯ ಗಳಿಗೆಯಲ್ಲಿ ಅಂಗಡಿಗೆ ಓಡಿ ಬೌಲಿಂಗ್ ಚೆಂಡೊಂದನ್ನು ತರುತ್ತಾನೆ. ಚೆಂಡಿನ ತೂತುಗಳು ಅವನ ಬೆರಳಿನ ಅಳತೆಗೆ ಕೊರೆದವು. ಅದರ ಮೇಲೆ ಕೆತ್ತಿಸಿರುವುದೂ ಅವನದೇ ಹೆಸರು. ಅವಳು ಅತ್ತು ಕೂರುವುದಿಲ್ಲ, ಆ ಚೆಂಡನ್ನೇ ಎತ್ತಿಕೊಂಡು ಬೌಲಿಂಗ್ ಕಲಿಯಲು ಹೊರಡುತ್ತಾಳೆ. ಅಲ್ಲಿ ಜಾಕ್ ಎಂಬ ಫ್ರೆಂಚ್ ತರಬೇತುದಾರ ಅವಳನ್ನು ಹೆಣ್ಣೆಂದು ಗಮನಿಸುತ್ತಾನೆ. ಅವಳ ಮಾತಿಗೆ ಕಿವಿಗೊಡುತ್ತಾನೆ, ಕೊನೆಗೆ ತನ್ನ ಮನೆಗೆ ಕರೆಯುತ್ತಾನೆ.

ಮುಂದಿನ ದೃಶ್ಯವನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು. ಬೆಳಗಿನ ಅಡುಗೆಮನೆ. ಮಾರ್ಜ್ ಮಕ್ಕಳಿಗೂ ಗಂಡನಿಗೂ ಊಟದ ಪೊಟ್ಟಣ ಕಟ್ಟಿದ್ದಾಳೆ. ಹೆಂಡತಿ ಕೈತಪ್ಪಿ ಹೋಗುತ್ತಿರುವುದು ಹೋಮರ್‌ಗೆ ಗೊತ್ತಾಗಿದೆ, ಆದರೆ ಅವನಿಗೆ ಮಾತು ಬರುವುದಿಲ್ಲ. ತಡವರಿಸಿ ಸ್ಯಾಂಡ್‌ವಿಚ್ ಬಗ್ಗೆ ಹೇಳುತ್ತಾನೆ. ಕಡಲೆಕಾಯಿ ಬೆಣ್ಣೆ ಮತ್ತು ಜಾಮಿನ ಸ್ಯಾಂಡ್‌ವಿಚ್ ಎಲ್ಲರೂ ಮಾಡುತ್ತಾರೆ, ಬೇರೆಯವರದರಲ್ಲಿ ಜಾಮ್ ಅಂಚಿನಿಂದ ಸೋರಿ ಕೈಯೆಲ್ಲ ಅಂಟಂಟಾಗುತ್ತದೆ, ನೀನು ಮಾಡಿದ್ದರಲ್ಲಿ ಮಾತ್ರ ಅದು ಇರಬೇಕಾದ ನಡುವಿನಲ್ಲೇ ನಿಲ್ಲುತ್ತದೆ, ಹೇಗೆ ಮಾಡುತ್ತೀಯೋ ನನಗೆ ತಿಳಿಯದು ಎಂಬ ಅರ್ಥದಲ್ಲಿ ಹೇಳಿ ಕೆಲಸಕ್ಕೆ ಹೊರಡುತ್ತಾನೆ. ವರ್ಷಗಟ್ಟಲೆ ಕಟ್ಟಿಕೊಟ್ಟ ಬುತ್ತಿಯಲ್ಲಿ ಯಾರೂ ಕಾಣದ ಒಂದು ಅಚ್ಚುಕಟ್ಟು ಇತ್ತು. ಇವನು ತಿನ್ನುತ್ತಾ ತಿನ್ನುತ್ತಾ ಅದನ್ನು ಕಂಡಿದ್ದ! ಮಾರ್ಜ್ ಕಾರು ಹತ್ತುತ್ತಾಳೆ, ರಸ್ತೆ ಎರಡಾಗಿ ಕವಲೊಡೆಯುವಲ್ಲಿ ತಡೆಯುತ್ತಾಳೆ, ಜಾಕ್‌ನ ಮನೆಯ ದಾರಿ ಬಿಟ್ಟು ಗಂಡನ ಸ್ಥಾವರದ ಕಡೆಗೆ ತಿರುಗುತ್ತಾಳೆ. ಆ ವರ್ಷ ಅತ್ಯುತ್ತಮ ಅನಿಮೇಷನ್ ಕಾರ್ಯಕ್ರಮದ ಎಮ್ಮಿ ಈ ಕಂತಿಗೇ ಬಂತು. ಅವಳು ಮರಳಿದ್ದು ಕರ್ತವ್ಯ ನೆನಪಾಗಿ ಎಂದು ನನಗನ್ನಿಸುವುದಿಲ್ಲ. ತನ್ನ ಕೆಲಸ ಒಬ್ಬರ ಕಣ್ಣಿಗಾದರೂ ಬಿತ್ತು ಎಂಬುದು ಅವಳಿಗೆ ಸಾಕಾಯಿತು. ಅಷ್ಟು ಸಣ್ಣ ಮನ್ನಣೆಯೇ ಸಾಕಾದದ್ದು ನನ್ನನ್ನು ಈಗಲೂ ಕಾಡುತ್ತದೆ.

ತಾಯಿಯಾಗಿ ಅವಳ ತಾಳ್ಮೆ ಬೇರೆ ಬಗೆಯದು, ಮತ್ತು ಅದನ್ನು ಅವಳು ಕಲಿತುಕೊಳ್ಳುತ್ತಾಳೆ. 1990ರ ಫೆಬ್ರುವರಿಯ ಕಂತೊಂದರಲ್ಲಿ ಎಂಟು ವರ್ಷದ ಲೀಸಾ ಕಾರಣವಿಲ್ಲದ ದುಃಖದಲ್ಲಿ ಮುಳುಗಿದ್ದಾಳೆ. ಮಾರ್ಜ್‌ಗೆ ತನ್ನ ಬಾಲ್ಯದ ಪಾಠ ನೆನಪಿದೆ: ಮನಸ್ಸಿನಲ್ಲಿ ಏನೇ ಇರಲಿ, ಹೊರಗೆ ಹೋಗುವಾಗ ಮುಖದಲ್ಲಿ ನಗು ಇರಬೇಕು, ಮಗಳ ನಗು ನೋಡಿ ಜನ ತಾಯಿಯನ್ನು ಅಳೆಯುತ್ತಾರೆ. ಅದನ್ನೇ ಲೀಸಾಗೂ ಹೇಳಿ ಶಾಲೆಯ ಮುಂದೆ ಇಳಿಸುತ್ತಾಳೆ. ಕಾರಿನಲ್ಲೇ ಕೂತು ನೋಡಿದರೆ, ಬಲವಂತವಾಗಿ ನಗುತ್ತಿರುವ ಹುಡುಗಿಯ ಬಳಿ ಹುಡುಗರು ಬಂದು ತಮ್ಮ ಮನೆಪಾಠ ಮಾಡಿಕೊಡು ಎನ್ನುತ್ತಾರೆ, ಅವಳು ಒಪ್ಪುತ್ತಾಳೆ. ಸಂಗೀತದ ಮೇಷ್ಟ್ರು ಬಂದು ನಿನ್ನ ಹುಚ್ಚಾಟದ ವಾದನ ಇವತ್ತು ಬೇಡ ಎನ್ನುತ್ತಾರೆ, ಅದಕ್ಕೂ ತಲೆಯಾಡಿಸುತ್ತಾಳೆ. ಮಾರ್ಜ್ ಕಾರನ್ನು ಗಿರ್ರನೆ ತಿರುಗಿಸಿ, ಮಗಳನ್ನು ಒಳಗೆಳೆದುಕೊಂಡು ಹೊರಡುತ್ತಾಳೆ. ತಾನು ಹೇಳಿದ್ದು ತಪ್ಪು ಎಂದು ಒಪ್ಪಿಕೊಳ್ಳುತ್ತಾಳೆ. ದುಃಖವಾಗಿದ್ದರೆ ದುಃಖಪಡು, ಅದು ಕಳೆಯುವ ತನಕ ನಿನ್ನ ಜೊತೆಗಿರುತ್ತೇವೆ ಎನ್ನುತ್ತಾಳೆ. ಮಗಳು ಆಗ ನಿಜವಾಗಿ ನಗುತ್ತಾಳೆ. ಎರಡು ತಲೆಮಾರು ಹೊಟ್ಟೆಗೆ ಹಾಕಿಕೊಂಡದ್ದನ್ನು ಮೂರನೆಯ ತಲೆಮಾರಿಗೆ ದಾಟಿಸಬಾರದೆಂದು ತಾಯಿಯೊಬ್ಬಳು ನಿಶ್ಚಯಿಸಿದ ಗಳಿಗೆ ಇದು.

ಬಾರ್ಟ್‌ನ ವಿಷಯದಲ್ಲಿ ಅವಳ ಮೌನ ಇನ್ನೂ ಹರಿತ. 1995ರ ಡಿಸೆಂಬರ್‌ನ ಕಂತಿನಲ್ಲಿ ಅವನು ಅಂಗಡಿಯಿಂದ ವಿಡಿಯೊ ಗೇಮ್ ಕದ್ದು ಸಿಕ್ಕಿಬೀಳುತ್ತಾನೆ. ಮಾರ್ಜ್ ಬೈಯುವುದಿಲ್ಲ. ರಾತ್ರಿ ಹೊದಿಕೆ ಸರಿಪಡಿಸಿ ಮಲಗಿಸಲು ಬರುವುದನ್ನು ನಿಲ್ಲಿಸುತ್ತಾಳೆ, ಅಷ್ಟೆ. ಇನ್ನೂ ಚಿಕ್ಕವನೆಂದು ಅತಿಯಾಗಿ ಮುದ್ದಿಸಿದೆನೇನೋ ಎಂದು ಅವಳಿಗೆ ಅನ್ನಿಸಿರುತ್ತದೆ. ತಾಯಿಯ ಬೈಗುಳಕ್ಕೆ ಒಗ್ಗಿದ ಹುಡುಗ ಈ ದೂರಕ್ಕೆ ನಡುಗಿಹೋಗುತ್ತಾನೆ. ಕೊನೆಗೆ ಅಂಗಿಯೊಳಗೆ ಏನನ್ನೋ ಬಚ್ಚಿಟ್ಟುಕೊಂಡು ಬಂದಾಗ ಮತ್ತೆ ಕದ್ದನೆಂದು ಅವಳು ಅನುಮಾನಿಸುತ್ತಾಳೆ. ತೆಗೆದು ನೋಡಿದರೆ ಅವನದೇ ಫೋಟೊ, ಜೊತೆಗೆ ಹಣ ಕೊಟ್ಟ ರಸೀದಿ. ಕುಟುಂಬದ ಫೋಟೊ ಅವನಿಂದಲೇ ಕೆಟ್ಟುಹೋಗಿತ್ತು, ಅದನ್ನು ತುಂಬಿಕೊಡಲು ತೆಗೆಸಿದ್ದು. ತಾಳ್ಮೆಗೆ ಬೆಲೆ ಇರುವುದು ಅದು ಹಿಂದಕ್ಕೆ ಹೋಗಬಲ್ಲದು ಎಂದು ಗೊತ್ತಾದಾಗ. ಆ ಹುಡುಗನಿಗೆ ಅದು ಗೊತ್ತಾಯಿತು.

ಹೊರಗಿನ ಲೋಕದಲ್ಲಿಯೂ ಮಾರ್ಜ್‌ಳ ತಾಳ್ಮೆ ಒಮ್ಮೆ ಕೆಲಸ ಮಾಡಿತು. 1990ರ ಶರತ್ಕಾಲದಲ್ಲಿ ಅಮೆರಿಕದ ಅಂದಿನ ಅಧ್ಯಕ್ಷರ ಪತ್ನಿ ಬಾರ್ಬರಾ ಬುಷ್ ‘ಪೀಪಲ್’ ಪತ್ರಿಕೆಯ ಸಂದರ್ಶನದಲ್ಲಿ ಈ ಧಾರಾವಾಹಿಯನ್ನು ತಾವು ಕಂಡ ಅತ್ಯಂತ ಪೆದ್ದು ಕಾರ್ಯಕ್ರಮ ಎಂದರು. ಧಾರಾವಾಹಿಯ ಬರಹಗಾರರ ಬಳಿ ಬಾರ್ಟ್‌ನ ನಾಲಿಗೆ ಇತ್ತು, ಹರಿಹಾಯಬಹುದಿತ್ತು. ಅವರು ಉತ್ತರ ಬರೆಯಲು ಆರಿಸಿಕೊಂಡದ್ದು ಮಾರ್ಜ್‌ಳನ್ನು. ಸೆಪ್ಟೆಂಬರ್ 28ರ ತಾರೀಖಿನ ಆ ಪತ್ರದಲ್ಲಿ ಅವಳು ತನಗೆ ತುಂಬಾ ನೋವಾಯಿತು ಎಂದು ಹೇಳಿಕೊಳ್ಳುತ್ತಾಳೆ. ನಮ್ಮ ಕುಟುಂಬ ಪರಿಪೂರ್ಣವಲ್ಲ ಎಂದು ಒಪ್ಪುತ್ತಾಳೆ. ತಮ್ಮಿಬ್ಬರಲ್ಲಿ ಸಮಾನವಾದದ್ದು ಬಹಳವಿದೆ, ಇಬ್ಬರ ಬದುಕೂ ಒಬ್ಬ ಅಸಾಧಾರಣ ಗಂಡಸಿನ ಸೇವೆಯಲ್ಲೇ ಸಾಗಿದೆ ಎಂದು ನೆನಪಿಸುತ್ತಾಳೆ. ಅಕ್ಟೋಬರ್ 9ರಂದು ಬಾರ್ಬರಾ ಬುಷ್ ಮರು ಬರೆದರು. ನಾಲಿಗೆ ಜಾರಿತು, ಕ್ಷಮಿಸಿ ಎಂದರು. ನಿಮಗೆ ಮನಸ್ಸಿದೆ ಎಂದು ನನಗೆ ಗೊತ್ತೇ ಇರಲಿಲ್ಲ ಎಂದೂ ಬರೆದರು. ಹೋಮರ್ ನೋಡಲು ಚೆನ್ನಾಗಿದ್ದಾನೆ ಎಂಬ ಅಡಿಟಿಪ್ಪಣಿಯೂ ಇತ್ತು. ದೇಶದ ಪ್ರಥಮ ಮಹಿಳೆಯೊಬ್ಬರು ಬಣ್ಣದ ಚಿತ್ರವೊಂದರ ಕ್ಷಮೆ ಕೇಳಿದ್ದರು. ಆ ಪತ್ರದಲ್ಲಿ ಒಂದು ಬಿರುನುಡಿಯೂ ಇಲ್ಲ. ಬುಷ್ ಅವರ ಮನಸ್ಸು ಮೆತ್ತಗಾದದ್ದು ಅದರಿಂದಲೇ.

ಹಣದ ವಿಷಯವನ್ನು ಹೇಳದೆ ಗೃಹಿಣಿಯ ತಾಳ್ಮೆಯನ್ನು ವಿವರಿಸಿದರೆ ಅರ್ಧ ಮಾತ್ರ ಹೇಳಿದಂತೆ. 1996ರ ಕಂತೊಂದರಲ್ಲಿ ಮಾರ್ಜ್‌ಗೆ 2,800 ಡಾಲರಿನ ಶನೆಲ್ ಉಡುಪೊಂದು ರಿಯಾಯಿತಿ ಅಂಗಡಿಯಲ್ಲಿ 90 ಡಾಲರಿಗೆ ಕಾಣುತ್ತದೆ. 90 ಡಾಲರೂ ಅವಳಿಗೆ ಭಾರವೇ. ತನಗಾಗಿ ಒಂದು ಬಟ್ಟೆ ಕೊಳ್ಳಲು ಮಗಳು ಒತ್ತಾಯ ಮಾಡಬೇಕಾಗುತ್ತದೆ. ಆ ಬಟ್ಟೆ ನೋಡಿ ಹಳೆಯ ಸಹಪಾಠಿಯೊಬ್ಬಳು ಶ್ರೀಮಂತರ ಕ್ಲಬ್ಬಿಗೆ ಕರೆಯುತ್ತಾಳೆ. ಇರುವುದು ಒಂದೇ ಉಡುಪು. ಪ್ರತಿ ಸಲವೂ ಹೊಲಿಗೆ ಬಿಚ್ಚಿ, ಕತ್ತರಿಸಿ, ಹೊಸ ರೂಪ ಕೊಟ್ಟು ಅದನ್ನೇ ತೊಟ್ಟು ಹೋಗುತ್ತಾಳೆ. ಒಂದು ರಾತ್ರಿ ಹೊಲಿಗೆ ಯಂತ್ರ ಆ ಬಟ್ಟೆಯನ್ನು ಚಿಂದಿ ಮಾಡಿಬಿಡುತ್ತದೆ. ಒಂದೇ ರೇಷ್ಮೆ ಸೀರೆಯನ್ನು ಬೇರೆ ಬೇರೆ ರವಿಕೆಯೊಂದಿಗೆ ಉಟ್ಟು ನಾಲ್ಕು ಮದುವೆ ದಾಟಿಸಿದ ಯಾವ ಹೆಂಗಸಿಗೂ ಆ ರಾತ್ರಿಯ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಒಂದು ಮಾತನ್ನು ನೇರವಾಗಿ ಹೇಳಬೇಕು. ಧಾರಾವಾಹಿ ಮೂವತ್ತಾರು ವರ್ಷ ದಾಟಿದೆ. ಅಷ್ಟೂ ವರ್ಷ ಹೋಮರ್ ತಪ್ಪು ಮಾಡಿ ಮಾರ್ಜ್ ಕ್ಷಮಿಸುವ ಕತೆ ಮರುಕಳಿಸಿದಾಗ ನೋಡುವವರಿಗೆ ಕಸಿವಿಸಿಯಾಗುತ್ತದೆ. ಒಂದು ಸಲದ ಕ್ಷಮೆ ಪ್ರೀತಿ. ನೂರನೆಯ ಸಲದ್ದು ಬರಹಗಾರರ ಅನುಕೂಲ. ಈ ಸಾಲದ ಅರಿವು ಅವರಿಗೂ ಇತ್ತು. 1994ರ ಒಂದು ಕಂತಿನಲ್ಲಿ ಹೋಮರ್ ವಯಸ್ಕರಿಗೆ ದಾಂಪತ್ಯದ ಪಾಠ ಹೇಳಲು ಹೋಗಿ ಮನೆಯ ಗುಟ್ಟನ್ನೆಲ್ಲ ತರಗತಿಯಲ್ಲಿ ಬಿಚ್ಚಿಡುತ್ತಾನೆ. ಅವಳ ನೀಲಿ ಕೂದಲು ಬಣ್ಣ ಹಚ್ಚಿದ್ದು, ಹದಿನೇಳರಲ್ಲೇ ನರೆತಿತ್ತು ಎಂಬುದೂ ಆಗಲೇ ಹೊರಬೀಳುತ್ತದೆ. ಮಾರ್ಜ್ ಅವನನ್ನು ಮನೆಯಿಂದ ಹೊರಗೆ ಹಾಕುತ್ತಾಳೆ. ಹರಿದ ಬಟ್ಟೆಯಲ್ಲಿ ಮರಳಿ ಬಂದ ಅವನು, ಬೇರೆ ಯಾರೂ ಕೊಡಲಾಗದ್ದನ್ನು ನಾನು ಕೊಡಬಲ್ಲೆ, ಅದು ಸಂಪೂರ್ಣ ಅವಲಂಬನೆ ಎನ್ನುತ್ತಾನೆ. ಆ ಮನೆಯ ಲೆಕ್ಕಪುಸ್ತಕವನ್ನು ಇಷ್ಟು ಪ್ರಾಮಾಣಿಕವಾಗಿ ಓದಿದ ಮಾತು ಇನ್ನೊಂದಿಲ್ಲ. 2007ರ ಚಲನಚಿತ್ರದಲ್ಲಿ ಅವಳೇ ಮಕ್ಕಳೊಂದಿಗೆ ಮನೆ ಬಿಡುತ್ತಾಳೆ, ಮದುವೆಯ ವಿಡಿಯೊ ಕ್ಯಾಸೆಟ್ಟಿನ ಮೇಲೆ ವಿದಾಯದ ಮಾತು ಮುದ್ರಿಸಿಟ್ಟು. ಆ ಒಂದು ದೃಶ್ಯದ ಮಾತುಗಳನ್ನು ಕ್ಯಾವ್ನರ್ ನೂರಕ್ಕೂ ಹೆಚ್ಚು ಬಾರಿ ಹೇಳಿ ಧ್ವನಿಮುದ್ರಿಸಿದರು. ಕೇಳಿದರೆ ಅದರಲ್ಲಿ ಸಿಟ್ಟಿನ ಲವಲೇಶವೂ ಇಲ್ಲ. ಇನ್ನು ಒಳಗೆ ಜಾಗ ಉಳಿದಿಲ್ಲ ಎಂಬ ಬರಿದಾದ ದನಿ ಅದು.

ಹಾಗೆ ಹೋದವಳು ಮರಳಿ ಬರುವುದೂ, 34ಕ್ಕೆ ಕಾಲಿಟ್ಟವಳು ಮೂವತ್ತೈದು ವರ್ಷ ಕಳೆದರೂ ಮೂವತ್ತರ ನಡುವಿನಲ್ಲೇ ಇರುವುದೂ ಅನಿಮೇಷನ್ನಿನ ಅನುಕೂಲ. ಮೊದಲು ಅವಳು 1974ರಲ್ಲಿ ಪ್ರೌಢಶಾಲೆಯ ಕೊನೆಯ ವರ್ಷದಲ್ಲಿದ್ದಳು. 2008ರ ಕಂತಿನ ಹೊತ್ತಿಗೆ ಅವಳ ಯೌವನ 1990ರ ದಶಕಕ್ಕೆ ಸರಿದಿತ್ತು. 2025ರ ಮೇ ತಿಂಗಳಲ್ಲಿ ಪ್ರಸಾರವಾದ, ಭವಿಷ್ಯವನ್ನು ತೋರಿಸುವ ಕಂತಿನಲ್ಲಿ ಮಾರ್ಜ್ ಹೋಮರ್‌ಗಿಂತ ಮೊದಲೇ ತೀರಿಹೋಗಿರುತ್ತಾಳೆ. ಸುದ್ದಿ ಕೆಲವೇ ವಾರಗಳಲ್ಲಿ ಲೋಕವೆಲ್ಲ ಹಬ್ಬಿತು, ಜನ ನಿಜವಾಗಿ ಕಂಗಾಲಾದರು. ಇಂಥ ಭವಿಷ್ಯದ ಕತೆಗಳೆಲ್ಲ ಊಹೆ ಮಾತ್ರ, ಧಾರಾವಾಹಿಗೆ ಕಟ್ಟುನಿಟ್ಟಿನ ಚರಿತ್ರೆಯೇ ಇಲ್ಲ ಎಂದು ನಿರ್ಮಾಪಕ ಮ್ಯಾಟ್ ಸೆಲ್ಮನ್ ಸಮಾಧಾನ ಹೇಳಬೇಕಾಯಿತು. ಆ ಕಂತಿನಲ್ಲಿ ಸ್ವರ್ಗದಲ್ಲಿರುವ ಮಾರ್ಜ್‌ಳ ಪಕ್ಕದಲ್ಲಿರುವುದು ಬೀಟಲ್ಸ್ ತಂಡದ ರಿಂಗೋ ಸ್ಟಾರ್. 1991ರ ಕಂತು ನೋಡಿದವರಿಗೆ ನೆನಪಿರುತ್ತದೆ, ಶಾಲಾದಿನಗಳಲ್ಲಿ ಅವಳು ಚಿತ್ರ ಬಿಡಿಸುತ್ತಿದ್ದಳು, ಮತ್ತೆ ಮತ್ತೆ ಬಿಡಿಸಿದ್ದು ಅವನನ್ನೇ. ಮದುವೆಗೆ ಮುಂಚೆ ತನಗೆಂದು ಅವಳಿಗಿದ್ದದ್ದು ಆ ಕುಂಚ.

ಇಷ್ಟೆಲ್ಲದರಲ್ಲಿ ಒಂದೇ ಒಂದು ಕಂತು ನೋಡಲು ಸಮಯವಿದೆ ಎನ್ನುವವರಿಗೆ ನಾನು ಹೇಳುವುದು 1992ರ ಫೆಬ್ರುವರಿ 6ರಂದು ಪ್ರಸಾರವಾದದ್ದನ್ನು. ಅದರಲ್ಲಿ ದೊಡ್ಡ ತಪ್ಪನ್ನು ಯಾರೂ ಮಾಡುವುದಿಲ್ಲ, ಅದೇ ಅದರ ಶಕ್ತಿ. ಬೆಳಗ್ಗೆ ಎಲ್ಲರ ಬೇಡಿಕೆ ಒಟ್ಟಿಗೆ ಬೀಳುತ್ತದೆ. ಬುತ್ತಿ, ಬಸ್ಸು, ಅಂಗಡಿ, ಗಂಡನ ಕೆಲಸ, ಒಂದರ ಮೇಲೊಂದು. ಕಾರಿನಲ್ಲಿ ಹೋಗುವಾಗ ಹಿಂದಿನವನು ಹಾರ್ನ್ ಬಾರಿಸುತ್ತಾ ಬೆನ್ನು ಹತ್ತಿದ್ದಾನೆ. ಪಕ್ಕದಲ್ಲಿ ಮ್ಯಾಗಿಯ ಬಾಟಲಿಯ ಹಾಲು ಮೈಮೇಲೆಲ್ಲ ಚೆಲ್ಲುತ್ತದೆ. ಅಷ್ಟೇ, ಒಂದು ಬಾಟಲಿ ಹಾಲು. ಮಾರ್ಜ್ ಚೀರುತ್ತಾಳೆ, ಸೇತುವೆಯ ನಡುವೆ ಕಾರನ್ನು ಅಡ್ಡಲಾಗಿ ನಿಲ್ಲಿಸಿಬಿಡುತ್ತಾಳೆ, ಎರಡೂ ಕಡೆ ವಾಹನಗಳ ಸಾಲು ಬೆಳೆಯುತ್ತದೆ. ಊರಿನ ಸಂಚಾರವೆಲ್ಲ ನಿಂತ ಮೇಲೆ, ಇದೊಂದು ಮನೆಯನ್ನು ಈವರೆಗೆ ನಡೆಸುತ್ತಿದ್ದವರು ಯಾರು ಎಂದು ಊರಿಗೆ ತಿಳಿಯುತ್ತದೆ. ಪೊಲೀಸರು ಬಂಧಿಸುತ್ತಾರೆ. ಊರಿನ ಹೆಂಗಸರ ಅನುಕಂಪವೆಲ್ಲ ಅವಳ ಕಡೆಗಿರುವುದನ್ನು ಬಲ್ಲ ಮೇಯರ್ ಬಿಡಿಸುತ್ತಾನೆ. ಅವಳು ವಿಶ್ರಾಂತಿಧಾಮವೊಂದಕ್ಕೆ ಒಬ್ಬಳೇ ಹೋಗುತ್ತಾಳೆ. ದೊಡ್ಡ ಮಕ್ಕಳಿಬ್ಬರು ಮಾರ್ಜ್‌ಳ ಅಕ್ಕಂದಿರ ಮನೆಗೆ, ಕೂಸು ಹೋಮರ್‌ನ ಪಾಲಿಗೆ. ತಾಯಿಯನ್ನು ಹುಡುಕುತ್ತಾ ಕೂಸು ಹೊಸಿಲು ದಾಟಿ ಹೊರಟುಬಿಡುತ್ತದೆ.

ಮರಳಿ ಬಂದ ಮಾರ್ಜ್ ಅಂದು ರಾತ್ರಿ ಮನೆಗೆಲಸದಲ್ಲಿ ತನಗೆ ನೆರವು ಬೇಕು ಎಂದು ಬಾಯಿಬಿಟ್ಟು ಕೇಳುತ್ತಾಳೆ. ಎಲ್ಲರೂ ಹೂಂಗುಟ್ಟುತ್ತಾರೆ. ಅವಳು ಮತ್ತೆ ಹೊರಟುಹೋದಾಳೆಂಬ ಹೆದರಿಕೆಗೆ ಗಂಡ ಮಕ್ಕಳೆಲ್ಲ ಒಂದೇ ಹಾಸಿಗೆಯಲ್ಲಿ ಅವಳಿಗೆ ಒತ್ತಿಕೊಂಡು ಮಲಗಿದ್ದಾರೆ. 1987ರ ಮೊಟ್ಟಮೊದಲ ತುಣುಕು ಕೊನೆಯಾದದ್ದೂ ಹೀಗೆಯೇ: ಮಲಗಿಸುವಾಗ ಹೆತ್ತವರಾಡಿದ ಮಾತಿಗೂ ಅವಳು ಹಾಡಿದ ಲಾಲಿಗೂ ಬೆದರಿದ ಮಕ್ಕಳು ಓಡಿಬಂದು ಅಪ್ಪ ಅಮ್ಮನ ಹಾಸಿಗೆ ಸೇರಿಕೊಂಡಿದ್ದವು. ಅಂದು ಮಕ್ಕಳು ಹೆದರಿದ್ದು ಮಲಗುವ ಹೊತ್ತಿನ ಮಾತಿಗೆ. ಐದು ವರ್ಷಗಳ ನಂತರ, ಅಮ್ಮ ಇಲ್ಲದ ಮನೆಗೆ.